ಬೋಗಿ ಹುಡುಕುವ ಹೊಣೆ

ರೈಲುಗಾಡಿ ಬಂದು ನಿಲ್ಲುತ್ತಿರುವ ಹೊತ್ತಿನಲ್ಲಿ, ತಲೆಯ ಮೇಲೊಂದು ಪೆಟ್ಟಿಗೆ, ಕಂಕುಳಲ್ಲೊಂದು ಕೂಸು, ಸೆರಗು ಹಿಡಿದ ಮತ್ತೊಂದು ಮಗು, ಅದರ ಹಿಂದೆ ಮಂಡಿನೋವಿನ ಅಜ್ಜಿ, ಇಷ್ಟು ಪರಿವಾರದೊಡನೆ ಎಂಜಿನ್ನಿನ ಕಡೆಯಿಂದ ಬಾಲದ ಕಡೆಗೂ ಅಲ್ಲಿಂದ ಮರಳಿ ಎಂಜಿನ್ನಿನ ಕಡೆಗೂ ಓಡಾಡುವ ಸಂಸಾರಗಳನ್ನು ಕಂಡು, ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ನಿಶ್ಚಿಂತರಾಗಿ ಕುಳಿತ ಸಜ್ಜನರು ಆಡುವ ಮಾತು ಸಾಮಾನ್ಯವಾಗಿ ಒಂದೇ ಆಗಿರುತ್ತದೆ: "ನಮ್ಮ ಜನಕ್ಕೆ ಶಿಸ್ತೆಂಬುದೇ ಇಲ್ಲ. ಅರ್ಧ ಗಂಟೆ ಮುಂಚೆ ಬಂದು ವಿಚಾರಿಸಿಕೊಂಡಿದ್ದರೆ ಇವರ ಗಂಟೇನು ಹೋಗುತ್ತಿತ್ತು?" ಇದೇ ಮಾತು ಅಧಿಕಾರಿಗಳ ಬಾಯಿಯಲ್ಲಿ ಪ್ರಯಾಣಿಕರ ಸಹಕಾರವನ್ನು ಕೋರುವ ಸೌಜನ್ಯದ ಉಡುಪನ್ನು ತೊಟ್ಟು ಬರುತ್ತದೆ, ಪತ್ರಿಕೆಗಳ ವಾಚಕರ ಅಂಕಣದಲ್ಲಿ ದೇಶದ ಅಧೋಗತಿಯನ್ನು ಕುರಿತ ನಿಟ್ಟುಸಿರಾಗಿ ಬರುತ್ತದೆ, ಕೈಯಲ್ಲಿ ಮೊಬೈಲು ಹಿಡಿದ ತರುಣರಲ್ಲಿ ಸಣ್ಣದೊಂದು ನಗೆಯಾಗಿ ಬರುತ್ತದೆ. ವೇಷ ಯಾವುದಾದರೂ ಒಳಗಿನ ಸಿದ್ಧಾಂತ ಒಂದೇ: ತನ್ನ ಬೋಗಿಯನ್ನು ತಾನು ಹುಡುಕಿಕೊಳ್ಳುವುದು ಪ್ರಯಾಣಿಕನ ಕರ್ತವ್ಯ, ಹುಡುಕಲಾರದೆ ಪೇಚಾಡಿದರೆ ಅದು ಅವನ ಅವಿವೇಕದ ಫಲ. ಇಷ್ಟು ಸರ್ವಸಮ್ಮತವಾಗಿ, ಇಷ್ಟು ನಿರಾತಂಕವಾಗಿ, ಯಾರೊಬ್ಬರಿಂದಲೂ ಪ್ರಶ್ನೆಗೊಳಗಾಗದೆ ನಡೆದು ಬಂದಿರುವ ಈ ಅಭಿಪ್ರಾಯವು ವಾಸ್ತವಕ್ಕೆ ವಿರುದ್ಧವಾದುದೆಂದೂ, ನ್ಯಾಯಕ್ಕೆ ಅದಕ್ಕಿಂತಲೂ ಹೆಚ್ಚು ವಿರುದ್ಧವಾದುದೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಅಳತೆಯ ಮಾತು. ದೂರ ಪ್ರಯಾಣದ ಗಾಡಿಗಳಲ್ಲಿ ಈಗ ಬಳಕೆಗೆ ಬಂದಿರುವ ಎಲ್‌ಎಚ್‌ಬಿ ಮಾದರಿಯ ಬೋಗಿಯ ಉದ್ದ ಹೆಚ್ಚುಕಡಮೆ 24 ಮೀಟರು. ಇಪ್ಪತ್ತೆರಡು ಬೋಗಿಗಳ ಗಾಡಿಯೆಂದರೆ, ಎಂಜಿನ್ನನ್ನು ಲೆಕ್ಕಕ್ಕೆ ಹಿಡಿಯದೆಯೇ, ಅರ್ಧ ಕಿಲೋಮೀಟರಿಗಿಂತ ಹೆಚ್ಚಾಯಿತು. ಕೈಯಲ್ಲಿ ಹೊರೆಯಿರುವ ಮನುಷ್ಯ, ಜನಸಂದಣಿಯೇ ಇಲ್ಲವೆಂದು ಭಾವಿಸಿದರೂ, ಗಂಟೆಗೆ ನಾಲ್ಕೂವರೆ ಕಿಲೋಮೀಟರಿನಂತೆ ನಡೆದಾನು. ಎಂದರೆ ನಿಮಿಷಕ್ಕೆ 75 ಮೀಟರು. ಗಾಡಿಯ ಒಂದು ತುದಿಯಿಂದ ಮತ್ತೊಂದು ತುದಿಗೆ ಅವನು ಮುಟ್ಟಬೇಕಾದರೆ ಏಳು ನಿಮಿಷ ಬೇಕು. ನಮ್ಮ ತಾಲೂಕು ಕೇಂದ್ರಗಳ ನಿಲ್ದಾಣಗಳಲ್ಲಿ ಎಕ್ಸ್‌ಪ್ರೆಸ್ ಗಾಡಿಗಳು ನಿಲ್ಲುವುದು ಬಹುಪಾಲು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಅವನು ದಾಟಬಲ್ಲದ್ದು ಆರು ಬೋಗಿ. ಬಹಳ ಜಾಣನೂ ಅನುಭವಿಯೂ ಆದವನು, ಯಾವ ಕಡೆಗಾದರೂ ಓಡಲು ಅನುಕೂಲವಾಗಲೆಂದು ಪ್ಲಾಟ್‌ಫಾರಮ್ಮಿನ ನಟ್ಟನಡುವೆ ನಿಂತಿದ್ದನೆಂದೇ ಇಟ್ಟುಕೊಳ್ಳೋಣ; ಅವನ ಬೋಗಿ ಯಾವುದಾದರೊಂದು ತುದಿಯಲ್ಲಿದ್ದರೆ ಅವನಿಗೂ ಮೂರೂವರೆ ನಿಮಿಷ ಬೇಕು. ಅಂದಮೇಲೆ ಇಲ್ಲಿ ವಿವೇಕದ ಪ್ರಶ್ನೆಯೆಲ್ಲಿ ಬಂತು? ಬೋಗಿ ನಿಲ್ಲುವ ಜಾಗ ಗೊತ್ತಿಲ್ಲದೆ ಇದ್ದಾಗ, ವಿವೇಕಿಯಾದವನೂ ಅವಿವೇಕಿಯಾದವನೂ ಸಮಾನವಾಗಿ ಗಾಡಿಯನ್ನು ತಪ್ಪಿಸಿಕೊಳ್ಳುತ್ತಾರೆ. ಹಿಡಿಯುವವನು ಹಿಡಿಯುವುದು ಅದೃಷ್ಟದಿಂದ ಅಥವಾ ಕಾಲಿನ ಕಸುವಿನಿಂದ.

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1507 ಮೀಟರು ಉದ್ದದ ಪ್ಲಾಟ್‌ಫಾರಮ್ಮನ್ನು 2023ರ ಮಾರ್ಚಿ ತಿಂಗಳಲ್ಲಿ ಉದ್ಘಾಟಿಸಿದಾಗ, ಜಗತ್ತಿನಲ್ಲೇ ಅತಿ ದೀರ್ಘವಾದುದೆಂಬ ಕೀರ್ತಿ ನಮ್ಮ ನಾಡಿಗೆ ಬಂದಿತೆಂದು ನಾವೆಲ್ಲ ಹಿಗ್ಗಿದೆವು. ಹಿಗ್ಗಬೇಕಾದದ್ದೇ. ಗೋರಖಪುರದ 1366 ಮೀಟರನ್ನು ಹಿಂದೆ ಹಾಕುವುದು ಸಾಮಾನ್ಯವಲ್ಲ. ಆದರೆ ಒಂದೇ ಕಟ್ಟೆಯ ಮೇಲೆ ಎರಡು ಗಾಡಿಗಳು ಒಂದರ ಹಿಂದೊಂದು ನಿಲ್ಲಬಲ್ಲಷ್ಟು ಉದ್ದವನ್ನು ಕಟ್ಟಿಸಿದವರು, ಆ ಉದ್ದವನ್ನು ತನ್ನ ಕಾಲಿನಿಂದ ಅಳೆಯಬೇಕಾದವನೊಬ್ಬನಿದ್ದಾನೆಂಬುದನ್ನೂ ಕಟ್ಟೆಯ ಜೊತೆಗೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕಷ್ಟೆ. ಕಟ್ಟೆ ಬೆಳೆದಷ್ಟೂ, ಗಾಡಿ ಬೆಳೆದಷ್ಟೂ, 'ಎಲ್ಲಿ' ಎಂಬ ಪ್ರಶ್ನೆಯ ಭಾರ ಹೆಚ್ಚುತ್ತ ಹೋಗುತ್ತದೆ. ಎಂಟು ಹತ್ತು ಬೋಗಿಗಳ ಮೀಟರ್‌ಗೇಜಿನ ಕಾಲದಲ್ಲಿ ಎತ್ತ ನಿಂತರೂ ನಡೆಯುತ್ತಿತ್ತು. ಆ ಕಾಲದ ಉಪದೇಶವನ್ನು ಈ ಕಾಲದ ಗಾಡಿಗೆ ಅನ್ವಯಿಸುವವರು ಅರ್ಧ ಶತಮಾನದಷ್ಟು ಹಿಂದಿನ ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದಾರೆ.

"ಮುಂಚಿತವಾಗಿ ಬನ್ನಿ" ಎಂಬ ಬುದ್ಧಿವಾದದ ಪೊಳ್ಳುತನ ಇಷ್ಟರಿಂದಲೇ ಬಯಲಾಗುತ್ತದೆ. ಮುಂಚಿತವಾಗಿ ಬಂದವನಿಗೆ ದೊರೆಯುವುದು ಕಾಲ. ಅವನಿಗೆ ಬೇಕಾದುದು ಸ್ಥಳದ ಜ್ಞಾನ. ಹಿಂದಿನ ದಿನವೇ ಬಂದು ನಿಲ್ದಾಣದಲ್ಲಿ ಮಲಗಿದರೂ, ನಾಲ್ಕನೆಯ ಸ್ಲೀಪರ್ ಬೋಗಿ ಯಾವ ಕಂಬದ ಎದುರಿಗೆ ನಿಲ್ಲುತ್ತದೆಂಬುದು ಅವನಿಗೆ ಸ್ವಪ್ನದಲ್ಲಿ ಗೋಚರವಾಗುವುದಿಲ್ಲ. ಅದನ್ನು ಬಲ್ಲವರು ರೈಲ್ವೆಯವರು. ಗಾಡಿ ಹೊರಡುವ ಮೂಲನಿಲ್ದಾಣದ ಯಾರ್ಡಿನಲ್ಲಿ ಬೋಗಿಗಳನ್ನು ತೊಳೆದು, ಪರೀಕ್ಷಿಸಿ, ಒಂದಕ್ಕೊಂದು ಜೋಡಿಸಿ ಪ್ಲಾಟ್‌ಫಾರಮ್ಮಿಗೆ ತರುವ ಹೊತ್ತಿಗೆ ಅವುಗಳ ಕ್ರಮ ನಿಶ್ಚಿತವಾಗಿರುತ್ತದೆ. ಅಲ್ಲಿಂದ ಆರು ಗಂಟೆಗಳಷ್ಟು ದೂರವಿರುವ ನಿಲ್ದಾಣದ ಮಾಸ್ತರರಿಗೆ ಆ ಕ್ರಮವನ್ನು ತಿಳಿಸಲು ಆರು ಗಂಟೆಗಳ ಅವಕಾಶವಿದೆ. ಅವರದನ್ನು ಒಂದು ಹಲಗೆಯ ಮೇಲೆ ಬರೆದು ನಿಲ್ಲಿಸಲು ಬೇಕಾದ ಸಮಯ ಐದು ನಿಮಿಷ. ತಿಳಿದವರು ತಿಳಿಸದೆ, ತಿಳಿಯದವರನ್ನು ತಿಳಿಯಲಿಲ್ಲವೇಕೆಂದು ಆಕ್ಷೇಪಿಸುವುದು ಎಂಥ ನ್ಯಾಯ? ಮದುವೆಗೆ ಕರೆದ ಯಜಮಾನನು ಊಟದ ಪಂಕ್ತಿ ಯಾವ ಚಪ್ಪರದಲ್ಲಿದೆಯೆಂಬುದನ್ನು ಗುಟ್ಟಾಗಿಟ್ಟುಕೊಂಡು, ಎಲೆ ತೆಗೆಯುವ ಹೊತ್ತಿಗೆ ಅಲೆದಲೆದು ಬಂದ ಅತಿಥಿಯನ್ನು ಸಮಯಪ್ರಜ್ಞೆಯಿಲ್ಲದವನೆಂದು ಗದರಿದರೆ ಆ ಯಜಮಾನನ ಬಗ್ಗೆ ಊರವರು ಏನೆಂದಾರು?

ಈ ಜ್ಞಾನವು ದುರ್ಲಭವಾದುದಲ್ಲವೆಂಬುದಕ್ಕೆ ಸಾಕ್ಷಿ ಪ್ಲಾಟ್‌ಫಾರಮ್ಮಿನ ಮೇಲೆಯೇ ಇದೆ. ಹಮಾಲನನ್ನು ಕೇಳಿ, ಚಹದ ಕೆಟಲು ಹಿಡಿದವನನ್ನು ಕೇಳಿ, ಮದ್ದೂರಿನಲ್ಲಿ ವಡೆಯ ಬುಟ್ಟಿ ಹೊತ್ತವನನ್ನು ಕೇಳಿ. ಗದಗಿನ ಕಡೆಯ ಒಂದು ನಿಲ್ದಾಣದಲ್ಲಿ ವೃದ್ಧರೊಬ್ಬರು ಗಿರ್ಮಿಟ್ ಮಾರುವ ಹುಡುಗನನ್ನು ವಿಚಾರಿಸುತ್ತಿದ್ದುದನ್ನು ಕೇಳಿದ್ದೇನೆ. "ತಮ್ಮಾ, ಎಸ್ ನಾಕು ಎಲ್ಲಿ ಬರ್ತದಪಾ?" "ಇಲ್ಲೇ ನಿಂದರ್ರಿ ಯಜಮಾನ್ರ, ಈ ನಳದ ಮುಂದ ಬರ್ತೈತ್ರಿ." ಗಾಡಿ ಬಂದಾಗ ಎಸ್ ನಾಲ್ಕರ ಬಾಗಿಲು ನಲ್ಲಿಯಿಂದ ಹತ್ತು ಹೆಜ್ಜೆ ಆಚೆ ನಿಂತಿತು. ಸರ್ಕಾರದ ವೇತನವಾಗಲಿ ಗಣಕಯಂತ್ರವಾಗಲಿ ಇಲ್ಲದ ಆ ಹುಡುಗ ಕೇವಲ ದಿನನಿತ್ಯದ ಅವಲೋಕನದಿಂದ ಪಡೆದುಕೊಂಡ ತಿಳಿವಳಿಕೆಯನ್ನು, ಇಡೀ ಗಾಡಿಯನ್ನು ನಡೆಸುವ ಮಹಾಸಂಸ್ಥೆಯೊಂದು ಪ್ರಕಟಿಸಲಾರದೆಂದರೆ ನಂಬುವುದು ಹೇಗೆ? ಗಾಡಿಗಳು ದಿನದಿನವೂ ಸರಿಸುಮಾರು ಅದೇ ಜಾಗದಲ್ಲಿ ನಿಲ್ಲುತ್ತವೆ. ಬೋಗಿಗಳು ಬಹುಮಟ್ಟಿಗೆ ಅದೇ ಕ್ರಮದಲ್ಲಿ ಬರುತ್ತವೆ. ಕ್ರಮವಿದೆ, ಅದನ್ನು ಬರೆದಿಡುವ ಕೈ ಮಾತ್ರ ಇಲ್ಲ. 2016ರ ರೈಲ್ವೆ ಮುಂಗಡಪತ್ರದಲ್ಲಿ ಹಮಾಲರನ್ನು ಇನ್ನು ಮುಂದೆ 'ಸಹಾಯಕ'ರೆಂದು ಕರೆಯತಕ್ಕದ್ದೆಂದು ಸಾರಲಾಯಿತು. ನಿಜಕ್ಕೂ ಅವರು ಸಹಾಯಕರೇ: ಹೊರೆ ಹೊರುವುದಕ್ಕಿಂತ ಹೆಚ್ಚಾಗಿ, ಸಂಸ್ಥೆ ಹೇಳಬೇಕಾದುದನ್ನು ಸಂಸ್ಥೆಯ ಪರವಾಗಿ ಅವರೇ ಹೇಳುತ್ತ ಬಂದಿದ್ದಾರೆ.

ಹಲಗೆಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಕಂಬಕಂಬಕ್ಕೂ ತೂಗುಹಾಕಿದ, ಕೆಂಪು ಅಕ್ಷರಗಳಲ್ಲಿ ಮಿನುಗುವ ಪುಟ್ಟ ಫಲಕಗಳಿವೆ. ಅವು ಸರಿಯಾಗಿ ಕೆಲಸ ಮಾಡಿದ ದಿನ ಪ್ಲಾಟ್‌ಫಾರಮ್ಮಿನ ಮೇಲೆ ಗಲಭೆಯೂ ಇರುವುದಿಲ್ಲವೆಂಬುದನ್ನು ಯಾರು ಬೇಕಾದರೂ ನೋಡಬಹುದು. ನನ್ನ ವಾದಕ್ಕೆ ಅದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ. ಆದರೆ ಅನೇಕ ವೇಳೆ ಅವು ಬೆಳಗುವುದು ಗಾಡಿಯ ಸದ್ದು ಕಿವಿಗೆ ಬಿದ್ದ ಮೇಲೆ. ಕೆಲವು ವೇಳೆ ಹಿಂದಿನ ಗಾಡಿಯ ಕ್ರಮವನ್ನೇ ತೋರಿಸುತ್ತ ನಿಶ್ಚಲವಾಗಿರುತ್ತವೆ. ನಾನು ಆಗಾಗ ಗಾಡಿ ಹತ್ತುವ ಒಂದು ನಿಲ್ದಾಣದಲ್ಲಿ, ಹೆಸರು ಬೇಡ, ಫಲಕಗಳನ್ನು ನಂಬಿ ನಿಂತವರು ಓಡುತ್ತಾರೆ, ನಂಬದೆ ನಿಂತವರು ಕುಳಿತಿರುತ್ತಾರೆ. ಚಿಕ್ಕ ನಿಲ್ದಾಣಗಳಿಗೆ ಈ ಮಿನುಗುವ ಫಲಕಗಳ ಭಾಗ್ಯವೂ ಇಲ್ಲ. ಅಲ್ಲಿ ಒಡೆದ ಗಂಟಲಿನ ಧ್ವನಿವರ್ಧಕವೊಂದು ಮೂರು ಭಾಷೆಗಳಲ್ಲಿ ಬೋಗಿಗಳ ಸರಣಿಯನ್ನು ಪಠಿಸುತ್ತದೆ. ಮೂರನೆಯ ಭಾಷೆ ಮುಗಿಯುವ ಹೊತ್ತಿಗೆ ಗಾಡಿಯ ಅರ್ಧ ಭಾಗ ಕಣ್ಣೆದುರಿಗೆ ಹಾದುಹೋಗಿರುತ್ತದೆ. ಬೋಗಿಯ ಪಕ್ಕದಲ್ಲಿ ಬರೆದಿರುವ ಎಸ್, ಬಿ, ಎ, ಎಚ್, ಎಂ, ಡಿ ಎಂಬ ಸಂಕೇತಗಳಾದರೋ ರೋಮನ್ ಲಿಪಿಯವು. ಸ್ಲೀಪರಿಗೆ ಎಸ್, ಹವಾನಿಯಂತ್ರಿತ ಮೂರು ಅಂತಸ್ತಿನದಕ್ಕೆ ಬಿ, ಎರಡಂತಸ್ತಿನದಕ್ಕೆ ಎ: ಎಸ್‌ನ ಕಾರಣವನ್ನಾದರೂ ಊಹಿಸಬಹುದು, ಬಿ ಏಕೆ ಎ ಏಕೆ ಎಂಬುದು ಇಂಗ್ಲಿಷ್ ಬಲ್ಲವರಿಗೂ ಅಗಮ್ಯ. ಕನ್ನಡವನ್ನು ಮಾತ್ರ ಓದಬಲ್ಲ ಹೆಣ್ಣುಮಗಳೊಬ್ಬಳು, ಚಲಿಸುತ್ತಿರುವ ಗಾಡಿಯ ಮೇಲೆ ಇರುಳಿನಲ್ಲಿ ಈ ಬೀಜಾಕ್ಷರಗಳನ್ನು ಓದಿ ಅರ್ಥಮಾಡಿಕೊಳ್ಳಬೇಕೆಂಬುದು ಶಿಸ್ತಿನ ಯಾವ ನಿಯಮ?

ಪ್ರತಿಪಕ್ಷದವರ ವಾದಗಳಲ್ಲಿ ಗೌರವಕ್ಕೆ ಅರ್ಹವಾದುದು ಒಂದಿದೆ. ಬೋಗಿಗಳ ಕ್ರಮ ಸದಾ ಒಂದೇ ಆಗಿರಲಾರದು; ಮಾರ್ಗಮಧ್ಯದಲ್ಲಿ ಎಂಜಿನ್ನು ಒಂದು ತುದಿಯಿಂದ ಮತ್ತೊಂದು ತುದಿಗೆ ಬದಲಾಗುತ್ತದೆ; ಹಬ್ಬದ ದಿನಗಳಲ್ಲಿ ಹೆಚ್ಚಿನ ಬೋಗಿಗಳು ಸೇರುತ್ತವೆ; ಮಳೆಗಾಲದಲ್ಲಿ ಗಾಡಿ ಬೇರೆ ದಾರಿಯಲ್ಲಿ ಬಂದರೆ ಮುಖವೇ ತಿರುಗಿರುತ್ತದೆ; ಆದಕಾರಣ ಪ್ರಯಾಣಿಕನೇ ಎಚ್ಚರದಿಂದಿರಬೇಕು, ಎಂಬುದು ಅವರ ತರ್ಕ. ಇದರ ಪೂರ್ವಾರ್ಧವೆಲ್ಲ ಸತ್ಯ. ಮಂಗಳೂರು ಸೆಂಟ್ರಲ್ ನಿಲ್ದಾಣವನ್ನು ನೋಡಿ. ಬೆಂಗಳೂರಿನಿಂದ ಘಟ್ಟ ಇಳಿದು ಬರುವ ಕಣ್ಣೂರು ಗಾಡಿ ಅಲ್ಲಿಗೆ ಮೂತಿ ತೂರಿಸಿ, ಬಂದ ದಾರಿಯಲ್ಲೇ ಸ್ವಲ್ಪ ದೂರ ಹಿಂದಿರುಗಿ, ನೇತ್ರಾವತಿಯನ್ನು ದಾಟಿ ದಕ್ಷಿಣಕ್ಕೆ ಸಾಗಬೇಕು. ಬೆಂಗಳೂರಿನಲ್ಲಿ ಎಂಜಿನ್ನಿನ ಹಿಂದೆಯೇ ಇದ್ದ ಬೋಗಿ ಕಾಸರಗೋಡಿನವರ ಪಾಲಿಗೆ ಕಟ್ಟಕಡೆಯ ಬೋಗಿ. ಈ ಗಾಡಿಗೆ ಬಹಳ ಕಾಲ ಇನ್ನೊಂದು ವಿಶೇಷವಿತ್ತು: ಅದರ ಕೆಲವು ಬೋಗಿಗಳು ಕಣ್ಣೂರಿಗೂ ಉಳಿದವು ಕಾರವಾರಕ್ಕೂ ಹೋಗುವಂಥವು, ಮಂಗಳೂರಿನವರೆಗೆ ಕೂಡಿ ಬಂದು ಅಲ್ಲಿ ಬೇರಾಗಿ, ಒಂದು ಭಾಗ ಕೇರಳದ ಕಡೆಗೂ ಮತ್ತೊಂದು ಉತ್ತರ ಕನ್ನಡದ ಕಡೆಗೂ ಮುಖ ಮಾಡುತ್ತಿದ್ದವು. ಅಂಕೋಲೆಯ ತಂಗಿಯ ಮನೆಗೆ ಹೊರಟವನು ಅವಸರದಲ್ಲಿ ತಪ್ಪು ಬೋಗಿ ಹತ್ತಿ ನಿದ್ದೆ ಹೋದರೆ ಬೆಳಿಗ್ಗೆ ಅವನಿಗೆ ಕಾಣುವುದು ಅರಬ್ಬೀ ಸಮುದ್ರವೇ ಆದರೂ, ಕಾಣುವ ಊರು ತಂಗಿಯದಲ್ಲ.

ಆದರೆ ಈ ಪೂರ್ವಾರ್ಧದಿಂದ ಆ ಉತ್ತರಾರ್ಧ ಹೇಗೆ ಹುಟ್ಟುತ್ತದೆ? ಕ್ರಮವು ಬದಲಾಗುತ್ತದೆಂಬುದು ಸತ್ಯವಾದರೆ, ಬದಲಾದುದನ್ನು ತಿಳಿಸುವ ಹೊಣೆ ಬದಲಿಸಿದವನ ಮೇಲೆ ಹೆಚ್ಚು ಭಾರವಾಗಿ ಬೀಳಬೇಕಲ್ಲದೆ, ಬದಲಾವಣೆಯ ಸುಳಿವೂ ಸಿಗದವನ ಮೇಲೆ ಬೀಳುವುದು ಹೇಗೆ? ಸ್ಥಿರವಾದ ಕ್ರಮವನ್ನು ಪ್ರಯಾಣಿಕನು ನಾಲ್ಕು ದಿನ ನೋಡಿ ಕಲಿತುಕೊಂಡಾನು. ಅಸ್ಥಿರವಾದುದನ್ನು ಕಲಿಯುವ ಉಪಾಯವೇ ಅವನಿಗಿಲ್ಲ. ಪ್ರತಿವಾದಿಗಳು ತಮ್ಮ ಕೈಯಲ್ಲಿರುವ ಅತ್ಯುತ್ತಮ ಆಯುಧವನ್ನು ಹೀಗೆ ನಮ್ಮ ಕೈಗೇ ಕೊಟ್ಟುಬಿಟ್ಟಿದ್ದಾರೆ.

ಇಷ್ಟು ಹೊತ್ತು ನಾನು ಮಾತನಾಡಿದ್ದು ಬೋಗಿಯ ಸಂಖ್ಯೆಯನ್ನು ಚೀಟಿಯಲ್ಲಿ ಪಡೆದಿರುವ ಭಾಗ್ಯವಂತರ ವಿಷಯ. ಕಾದಿರಿಸದ ಸಾಮಾನ್ಯ ದರ್ಜೆಯಲ್ಲಿ ಹೋಗುವವನಿಗೆ ಆ ಸಂಖ್ಯೆಯೂ ಇಲ್ಲ. ಅವನ ಬೋಗಿಗಳು ಸಾಮಾನ್ಯವಾಗಿ ಗಾಡಿಯ ಎರಡು ಕೊನೆಗಳಲ್ಲಿರುತ್ತವೆ. ನಡುವೆ ಇರುವುದು ಹವಾನಿಯಂತ್ರಿತ ಬೋಗಿಗಳು. ಪ್ಲಾಟ್‌ಫಾರಮ್ಮಿನ ನೆರಳಿನ ಚಾವಣಿ, ಕುಡಿಯುವ ನೀರಿನ ನಲ್ಲಿ, ಬೆಂಚು, ಮೇಲ್ಸೇತುವೆಯ ಮೆಟ್ಟಿಲು ಇವೂ ಬಹುತೇಕ ನಡುವೆಯೇ. ಎರಡು ಕೊನೆಗಳಲ್ಲಿ ಬಿಸಿಲು, ಮಳೆ, ಇರುಳಾದರೆ ಕತ್ತಲೆ. ಎಲ್ಲರಿಗಿಂತ ಹೆಚ್ಚು ಹೊರೆ ಹೊತ್ತವನು ಎಲ್ಲರಿಗಿಂತ ಹೆಚ್ಚು ದೂರ ನಡೆಯಬೇಕು. ಹೆಂಗಸರಿಗೆಂದು ಮೀಸಲಾದ, ಅಂಗವಿಕಲರಿಗೆಂದು ಮೀಸಲಾದ ಕೋಣೆಗಳೂ ಹಲವು ಗಾಡಿಗಳಲ್ಲಿ ಕಟ್ಟಕೊನೆಯ ಲಗೇಜು ಬೋಗಿಯ ಅರೆಭಾಗದಲ್ಲಿರುತ್ತವೆ. ಊರುಗೋಲು ಹಿಡಿದವನನ್ನು ಅರ್ಧ ಕಿಲೋಮೀಟರು ನಡೆಸಿ ಅವನಿಗೆ ಮೀಸಲಾತಿಯ ಗೌರವ ಸಲ್ಲಿಸುವ ಈ ಪರಿಯನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯದು. ಸಾಮಾನ್ಯ ಬೋಗಿಗಳು ನಡುವೆ ಇದ್ದರೆ ಮೆಟ್ಟಿಲುಗಳ ಬಳಿ ಜನ ಕಿಕ್ಕಿರಿಯುತ್ತಾರೆ, ಎರಡು ಕೊನೆಗಳಲ್ಲಿದ್ದರೆ ಗುಂಪು ಚದರುತ್ತದೆ ಎಂಬುದು ಇದಕ್ಕೆ ಕೊಡುವ ಸಮಾಧಾನ. ಒಪ್ಪೋಣ. ಹಾಗಿದ್ದರೆ ಆ ಕೊನೆಗಳಿಗೆ ಚಾವಣಿ ಬರಲಿ, ದೀಪ ಬರಲಿ, "ಸಾಮಾನ್ಯ ಬೋಗಿ ಇಲ್ಲಿ" ಎಂಬ ಫಲಕ ಬರಲಿ. ಗುಂಪನ್ನು ಚದರಿಸುವ ಉದ್ದೇಶವಿದ್ದು, ಎಲ್ಲಿಗೆ ಚದರಬೇಕೆಂಬುದನ್ನು ಹೇಳದೆ ಇದ್ದರೆ ಅದೇ ಗುಂಪು ಗಾಡಿ ಬಂದೊಡನೆ ನಡುವಿನಿಂದ ಎರಡು ಕಡೆಗೂ ಎರಚಿದಂತೆ ಓಡುತ್ತದೆ. ತಡೆಯಬೇಕೆಂದಿದ್ದ ಅನಾಹುತವನ್ನು ಇಮ್ಮಡಿ ಮಾಡಿಕೊಂಡಂತೆ.

ಮಹಾತ್ಮಾ ಗಾಂಧಿಯವರು 1917ರಲ್ಲಿ ಮುಂಬಯಿಯಿಂದ ಮದರಾಸಿಗೆ ಮೂರನೆಯ ತರಗತಿಯಲ್ಲಿ ಪ್ರಯಾಣ ಮಾಡಿ, ತಾವು ಕಂಡುದನ್ನು ಬರೆದು ಪ್ರಕಟಿಸಿದರು. ಅವರು ಕುಳಿತಿದ್ದ ಬೋಗಿಯ ಮೇಲೆ 22 ಮಂದಿಗೆ ಎಂದು ಬರೆದಿತ್ತು. ನಮ್ಮ ರಾಯಚೂರಿನ ದಾರಿಯಲ್ಲಿ ನೂಕುನುಗ್ಗಲು ಸಹಿಸಲಸಾಧ್ಯವಾಯಿತೆಂದು ಅವರು ದಾಖಲಿಸಿದ್ದಾರೆ. ಆ ಬರಹದಲ್ಲಿ ಅವರು ಜನರ ಕೊಳಕುತನವನ್ನೂ ಅಸಭ್ಯತೆಯನ್ನೂ ಮುಚ್ಚಿಡಲಿಲ್ಲ; ಜನರನ್ನು ತಿದ್ದುವುದಕ್ಕಾಗಿ ಅವರಷ್ಟು ಗದರಿಸಿದವರೂ ಇಲ್ಲ. ಆದರೂ ಜನರ ದೋಷವನ್ನು ತೋರಿಸಿ ಆಡಳಿತದ ದೋಷವನ್ನು ಮನ್ನಿಸುವ ಜಾಣತನ ಅವರಿಗೆ ಬರಲಿಲ್ಲ. ಮೂರನೆಯ ತರಗತಿ ಎಂಬ ಹೆಸರು 1974ರಲ್ಲಿ ಹೋಯಿತು. ಹೆಸರಿನ ಜೊತೆಗೆ ಪ್ರಯಾಣಿಕನು ಹೋಗಲಿಲ್ಲ.

ಕೆಲವರು ಹೇಳುವ ಇನ್ನೊಂದು ಉಪಾಯವುಂಟು: ಸಿಕ್ಕ ಬೋಗಿಯನ್ನು ಹತ್ತಿಬಿಡಿ, ಒಳಗೊಳಗೇ ನಡೆದು ನಿಮ್ಮ ಜಾಗಕ್ಕೆ ಹೋಗಿ. ಇದನ್ನು ಹೇಳುವವರು ಕೈಬೀಸಿಕೊಂಡು ಪ್ರಯಾಣ ಮಾಡುವವರಿರಬೇಕು. ಇರುಳು ಒಂದು ಗಂಟೆಯಲ್ಲಿ, ದಾರಿಯುದ್ದಕ್ಕೂ ಚಾಚಿದ ಕಾಲುಗಳನ್ನೂ ನೆಲದ ಮೇಲೆ ಮಲಗಿದ ಮಕ್ಕಳನ್ನೂ ದಾಟಿಕೊಂಡು, ಎರಡು ಪೆಟ್ಟಿಗೆಗಳೊಡನೆ ಒಂಬತ್ತು ಬೋಗಿಗಳ ಉದ್ದಕ್ಕೆ ನಡೆದು ನೋಡಿದರೆ ಈ ಸಲಹೆಯ ಬೆಲೆ ತಿಳಿಯುತ್ತದೆ. ಸಾಮಾನ್ಯ ಬೋಗಿಯಿಂದ ಕಾದಿರಿಸಿದ ಬೋಗಿಗೆ ಹಾದಿ ಬಹಳ ಕಡೆ ಮುಚ್ಚಿರುತ್ತದೆ. ಹವಾನಿಯಂತ್ರಿತ ಬೋಗಿಯ ಬಾಗಿಲಿಗೆ ರಾತ್ರಿ ಚಿಲಕ. ಸಲಹೆ ಕೊಟ್ಟವರು ಅಷ್ಟು ಹೊತ್ತಿಗೆ ಆ ಚಿಲಕದ ಒಳಗೆ ನಿದ್ರಿಸುತ್ತಿರುತ್ತಾರೆ.

ಈಗ ನ್ಯಾಯದ ಮಾತಿಗೆ ಬರುತ್ತೇನೆ. ಪ್ರಯಾಣಿಕನ ಅಜಾಗರೂಕತೆಯೇ ಅನರ್ಥಕ್ಕೆಲ್ಲ ಮೂಲವೆಂಬ ಸಿದ್ಧಾಂತವನ್ನು ಪ್ಲಾಟ್‌ಫಾರಮ್ಮಿನ ಸಜ್ಜನರು ಇನ್ನೂ ಪೋಷಿಸುತ್ತಿದ್ದರೂ, ದೇಶದ ಕಾನೂನು ಅದನ್ನು ಕೈಬಿಟ್ಟು ಬಹಳ ಕಾಲವಾಯಿತು. 1989ರ ರೈಲ್ವೆ ಅಧಿನಿಯಮಕ್ಕೆ 1994ರಲ್ಲಿ ಸೇರಿಸಿದ 124-ಎ ಕಲಮಿನ ಪ್ರಕಾರ, ಪ್ರಯಾಣಿಕನು ಗಾಡಿಯಿಂದ ಆಕಸ್ಮಿಕವಾಗಿ ಬಿದ್ದು ಸತ್ತರೆ ಅಥವಾ ಗಾಯಗೊಂಡರೆ, ರೈಲ್ವೆಯ ತಪ್ಪಿರಲಿ ಇಲ್ಲದಿರಲಿ, ಪರಿಹಾರ ಕೊಡತಕ್ಕದ್ದು. ಆತ್ಮಹತ್ಯೆ, ತಾನಾಗಿ ಮಾಡಿಕೊಂಡ ಗಾಯ, ಸ್ವಂತ ಅಪರಾಧಕೃತ್ಯ, ಅಮಲು, ಬುದ್ಧಿಭ್ರಮೆ, ರೋಗ ಇಂಥ ಕೆಲವು ಕಾರಣಗಳು ಮಾತ್ರ ಇದಕ್ಕೆ ಅಪವಾದ. ಕೇರಳದ ವರ್ಕಲಾ ನಿಲ್ದಾಣದಲ್ಲಿ ಚಲಿಸುತ್ತಿದ್ದ ಗಾಡಿಯನ್ನು ಹತ್ತಲು ಹೋಗಿ ಮಹಿಳೆಯೊಬ್ಬಳು ಬಿದ್ದು ಸತ್ತ ಪ್ರಕರಣವನ್ನು 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇತ್ಯರ್ಥಪಡಿಸಿತು. ಆಕೆ ಇನ್ನೂ ಗಾಡಿಯೊಳಗೆ ಇರಲಿಲ್ಲ, ಆದ್ದರಿಂದ ಗಾಡಿಯಿಂದ ಬಿದ್ದಳೆಂದು ಹೇಳಲಾಗದೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಹತ್ತುವಾಗ ಬಿದ್ದರೂ ಅದು ಗಾಡಿಯಿಂದ ಬಿದ್ದಂತೆಯೇ, ಯಾರ ತಪ್ಪೆಂದು ಕೇಳದೆ ಪರಿಹಾರ ಕೊಡುವುದೇ ಈ ಕಾನೂನಿನ ಆಶಯ ಎಂದು ತೀರ್ಮಾನವಾಯಿತು. ಹತ್ತುವಾಗ ಇಳಿಯುವಾಗ ತೋರಿದ ಅಜಾಗರೂಕತೆ 'ತಾನಾಗಿ ಮಾಡಿಕೊಂಡ ಗಾಯ'ವಾಗುವುದಿಲ್ಲವೆಂದು 2018ರಲ್ಲಿ ಅದೇ ನ್ಯಾಯಾಲಯ ಮತ್ತೊಮ್ಮೆ ಸ್ಪಷ್ಟಪಡಿಸಿತು. ಈ ಪ್ರಕರಣಗಳಲ್ಲಿ ಬೋಗಿ ಹುಡುಕುವ ಪ್ರಶ್ನೆಯಿತ್ತೆಂದು ನಾನು ಹೇಳುತ್ತಿಲ್ಲ. ಗಾಡಿ ಹೊರಟ ಮೇಲೆ ಜನ ಅದನ್ನು ಹತ್ತಲೆತ್ನಿಸುವ ಹುಚ್ಚುಸಾಹಸಕ್ಕೆ ಕಾರಣವನ್ನು ಜನರ ಸ್ವಭಾವದಲ್ಲಿ ಹುಡುಕಿ ಕೈತೊಳೆದುಕೊಳ್ಳುವ ಹಾದಿಯನ್ನು ಅತ್ಯುನ್ನತ ನ್ಯಾಯಪೀಠವೇ ಮುಚ್ಚಿದೆ ಎಂಬುದಷ್ಟೇ ನನ್ನ ಮಾತು. ಬಿದ್ದ ಮೇಲೆ ತೆರುವ ಹಣದ ಹೊಣೆಯನ್ನು ಹೊತ್ತವರು, ಬೀಳದ ಹಾಗೆ ನೋಡಿಕೊಳ್ಳುವ ಹೊಣೆಯನ್ನು ಬೇರೆಯವರಿಗೆ ದಾಟಿಸುವುದು ಲೆಕ್ಕದ ದೃಷ್ಟಿಯಿಂದಲೂ ಜಾಣತನವಲ್ಲ.

ಸ್ವಭಾವದ ಮಾತು ಹೇಗೂ ಬಂದಿತು. ಅದನ್ನು ಮುಗಿಸಿಯೇ ಬಿಡುವುದು ಒಳ್ಳೆಯದು. ಬೆಂಗಳೂರಿನಲ್ಲಿ 2011ರ ಅಕ್ಟೋಬರಿನಲ್ಲಿ ನಮ್ಮ ಮೆಟ್ರೋ ಓಡತೊಡಗಿದಂದಿನಿಂದ, ಬಾಗಿಲು ನಿಲ್ಲುವ ಜಾಗವನ್ನು ನೆಲದ ಮೇಲೆ ಗೆರೆಯೆಳೆದು ಗುರುತಿಸಿದ್ದಾರೆ. ಜನ ಆ ಗೆರೆಯ ಹಿಂದೆ ನಿಲ್ಲುತ್ತಾರೆ. ಬೆಳಗಿನ ದಟ್ಟಣೆಯಲ್ಲಿ ತಳ್ಳಾಟ ಇಲ್ಲವೆಂದಲ್ಲ. ಆದರೆ ಯಾರೂ ಈ ತುದಿಯಿಂದ ಆ ತುದಿಗೆ ಓಡುವುದಿಲ್ಲ. ಅದೇ ಮನುಷ್ಯ ಮೆಜೆಸ್ಟಿಕ್ಕಿನಲ್ಲಿ ಇಳಿದು, ರಸ್ತೆ ದಾಟಿ, ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣವನ್ನು ಪ್ರವೇಶಿಸುವಷ್ಟರಲ್ಲಿ ಶಿಸ್ತುಗೇಡಿಯಾಗುತ್ತಾನೆಯೆ? ನಡುವೆ ಇರುವ ನೂರಿನ್ನೂರು ಗಜಗಳಲ್ಲಿ ಅವನ ಸಂಸ್ಕಾರವೆಲ್ಲ ಸೋರಿಹೋಗುತ್ತದೆಯೆ? ಮುಂಬಯಿಯಲ್ಲಿ ನೆಲಸಿರುವ ನಮ್ಮ ಕರಾವಳಿಯ ಬಂಧುಗಳನ್ನು ಕೇಳಿದರೆ, ಅಲ್ಲಿಯ ಲೋಕಲ್ ಗಾಡಿಗಳಲ್ಲಿ ಹೆಂಗಸರ ಡಬ್ಬಿ ಎಲ್ಲಿ ನಿಲ್ಲುತ್ತದೆ, ಮೊದಲ ದರ್ಜೆಯದು ಎಲ್ಲಿ ಎಂಬುದನ್ನು ಬಣ್ಣದ ಪಟ್ಟೆಗಳಿಂದ ಪ್ಲಾಟ್‌ಫಾರಮ್ಮಿನ ಮೇಲೆಯೇ ಗುರುತಿಸಿರುವುದನ್ನು ಹೇಳುತ್ತಾರೆ. ಗಾಡಿ ನಿಲ್ಲುವುದು ಅರ್ಧ ನಿಮಿಷಕ್ಕಿಂತ ಹೆಚ್ಚಲ್ಲ. ಅಷ್ಟರಲ್ಲಿ ಆ ಮಹಾಜನಪ್ರವಾಹ ಹತ್ತಿ ಇಳಿದು ಮುಗಿಸುತ್ತದೆ. ಅದನ್ನು ನಡೆಸುವುದೂ ಭಾರತೀಯ ರೈಲ್ವೆಯೇ, ಹತ್ತುವವರೂ ಭಾರತೀಯರೇ.

ಇದಕ್ಕೆ ಪ್ರತಿಯಾಗಿ ಜಪಾನಿನ ಉದಾಹರಣೆಯನ್ನು ತರುವುದು ನಮ್ಮವರ ವಾಡಿಕೆ: ಅಲ್ಲಿಯ ಜನ ಹೇಗೆ ಸಾಲಾಗಿ ನಿಲ್ಲುತ್ತಾರೆ ನೋಡಿ ಎಂದು. ನಿಲ್ಲುತ್ತಾರೆ, ನಿಜ. ಟೋಕಿಯೊ-ಒಸಾಕಾ ನಡುವಿನ ಹದಿನಾರು ಬೋಗಿಗಳ ಶಿಂಕಾನ್‌ಸೆನ್ ಗಾಡಿಯಲ್ಲಿ ಒಂದನೆಯ ಬೋಗಿ ಸದಾ ಒಸಾಕಾದ ಕಡೆಗೆ, ಹದಿನಾರನೆಯದು ಸದಾ ಟೋಕಿಯೊ ಕಡೆಗೆ. ಪ್ರತಿಯೊಂದರ ಸಂಖ್ಯೆಯೂ ನಿಲ್ದಾಣದಲ್ಲಿ ಅದರದರ ಜಾಗದಲ್ಲಿ ಬರೆದಿದೆ. ನಿಲ್ಲುವ ಜಾಗವನ್ನು ತೋರಿಸಿದ್ದಾರಾಗಿ ನಿಲ್ಲುತ್ತಾರೆ. ಜಪಾನನ್ನು ಹೊಗಳುವವರು ಜರ್ಮನಿಯನ್ನೂ ಒಮ್ಮೆ ನೋಡಬೇಕು. ಅಲ್ಲಿ ಪ್ಲಾಟ್‌ಫಾರಮ್ಮನ್ನು ಎ, ಬಿ, ಸಿ ಎಂದು ವಿಭಾಗಿಸಿ, ಯಾವ ಬೋಗಿ ಯಾವ ವಿಭಾಗದಲ್ಲಿ ನಿಲ್ಲುತ್ತದೆಂಬ ಚಿತ್ರಪಟವನ್ನು ತೋರಿಸುವ ಪದ್ಧತಿ ಬಹು ಕಾಲದಿಂದ ಇದೆ. ಆದರೆ ಗಾಡಿ ತಿರುಗಿದ ಕ್ರಮದಲ್ಲಿ ಬರುವುದೂ ಅಲ್ಲಿ ಅಪರೂಪವೇನಲ್ಲ, ಅದೊಂದು ರಾಷ್ಟ್ರೀಯ ಗೊಣಗಾಟದ ವಿಷಯವೇ ಆಗಿದೆ. ಮತ್ತು ಹಾಗೆ ಬಂದ ದಿನ, ಶಿಸ್ತಿಗೆ ಲೋಕಪ್ರಸಿದ್ಧರಾದ ಆ ಜರ್ಮನ್ ಮಹಾಶಯರು ಪೆಟ್ಟಿಗೆಗಳನ್ನು ಎಳೆದುಕೊಂಡು, ನಮ್ಮ ಅರಸೀಕೆರೆಯಲ್ಲಿ ನಮ್ಮವರು ಓಡುವಂತೆಯೇ, ಒಂದು ತುದಿಯಿಂದ ಮತ್ತೊಂದು ತುದಿಗೆ ಓಡುತ್ತಾರೆ.

ಇನ್ನು ಮೊಬೈಲಿನ ವಿಷಯ. ಎಲ್ಲವೂ ಅದರೊಳಗಿದೆ, ನೋಡಿಕೊಳ್ಳಲಾರದವನು ಹಿಂದುಳಿದವನು ಎಂಬ ಧೋರಣೆ ಈಚೆಗೆ ಬಲವಾಗುತ್ತಿದೆ. ಕಾದಿರಿಸಿದವರ ಹೆಸರಿನ ಪಟ್ಟಿಯನ್ನು ಬೋಗಿಯ ಬಾಗಿಲ ಬಳಿ ಅಂಟಿಸುವ ಹಳೆಯ ಪದ್ಧತಿಯನ್ನು ಮೊದಲು ಬೆಂಗಳೂರಿನಂಥ ಕೆಲವು ನಿಲ್ದಾಣಗಳಲ್ಲೂ, 2018ರ ಮಾರ್ಚಿಯಿಂದ ದೇಶದ ದೊಡ್ಡ ನಿಲ್ದಾಣಗಳಲ್ಲೆಲ್ಲ ಪ್ರಯೋಗಾರ್ಥವಾಗಿಯೂ ನಿಲ್ಲಿಸಿದಾಗ, ಕಾಗದ ಉಳಿಯುತ್ತದೆಂಬುದು ಒಂದು ಕಾರಣವಾಗಿತ್ತು. ಕಾಗದ ಉಳಿಯಿತು. ಆದರೆ ಅಂಗೈಯಗಲದ ಆ ಹಾಳೆಯಲ್ಲಿ ಬೆರಳಿಟ್ಟು ತನ್ನ ಹೆಸರನ್ನು ಕಂಡು, ಇದೇ ನನ್ನ ಬೋಗಿ ಎಂಬ ಧೈರ್ಯದಿಂದ ಮೆಟ್ಟಿಲೇರುತ್ತಿದ್ದವನಿಗೆ ಅದರ ಬದಲು ಏನು ಕೊಟ್ಟೆವು? ಮೊಬೈಲಿನಲ್ಲಿ ತೋರುವುದು ಬೋಗಿಗಳ ಸಾಮಾನ್ಯ ಕ್ರಮ. ಎಂಜಿನ್ನಿನಿಂದ ಏಳನೆಯದು ಎಂದು ಅದು ಹೇಳಬಲ್ಲುದು, ಈ ಪ್ಲಾಟ್‌ಫಾರಮ್ಮಿನಲ್ಲಿ ಎಂಜಿನ್ನು ಎಲ್ಲಿ ನಿಲ್ಲುತ್ತದೆ, ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಹೇಳುವ ಬರಹ ನೆಲದ ಮೇಲೆ ಇಲ್ಲದ ಹೊರತು ಆ ಏಳಕ್ಕೆ ಅರ್ಥವಿಲ್ಲ. ಯಂತ್ರವು ನೆಲದ ಗುರುತಿಗೆ ಪೂರಕವಾಗಬಹುದೇ ಹೊರತು ಪರ್ಯಾಯವಾಗಲಾರದು. ಅದೂ ಅಲ್ಲದೆ, ಎರಡು ಕೈಗಳಲ್ಲಿ ಎರಡು ಗಂಟು ಹಿಡಿದವನು ಮೂರನೆಯ ಕೈಯನ್ನು ಎಲ್ಲಿಂದ ತರಬೇಕು?

ವಂದೇ ಭಾರತದ ಕಾಲದಲ್ಲಿ, ಬುಲೆಟ್ ಗಾಡಿಯ ಕಾಲದಲ್ಲಿ, ಇದೆಂಥ ಕ್ಷುಲ್ಲಕ ವಿಚಾರವೆಂದು ಹೇಳುವವರಿಗೆ, ಅವರಿಗೆ ಪ್ರಿಯವಾದ ವೇಗದ ಭಾಷೆಯಲ್ಲಿಯೇ ಉತ್ತರ ಕೊಡಬಹುದು. ಎರಡು ನಿಮಿಷದ ನಿಲುಗಡೆ ಮುಗಿದು ಗಾಡಿ ಅಲುಗುತ್ತದೆ. ಗಂಡ, ಒಂದು ಮಗು ಮತ್ತು ಪೆಟ್ಟಿಗೆ ಒಳಗೆ. ಹೆಂಡತಿ, ಇನ್ನೊಂದು ಮಗು ಮತ್ತು ಅತ್ತೆ ಹೊರಗೆ. ಅವನು ಸರಪಳಿ ಎಳೆಯುತ್ತಾನೆ. ನೀವಾದರೂ ಎಳೆಯುತ್ತಿದ್ದಿರಿ. ಬ್ರೇಕಿನ ಒತ್ತಡ ಇಳಿದು ಗಾಡಿ ನಿಲ್ಲುತ್ತದೆ. ಯಾವ ಬೋಗಿಯಲ್ಲಿ ಎಳೆದರೆಂದು ಕಂಡುಹಿಡಿದು ಸರಿಪಡಿಸಿ ಮತ್ತೆ ಹೊರಡಿಸುವಷ್ಟರಲ್ಲಿ ನಿಲುಗಡೆಯನ್ನು ಮೊಟಕುಗೊಳಿಸಿ ಉಳಿಸಿದ ಕಾಲಕ್ಕೆ ಅದರ ಹಲವು ಪಟ್ಟು ತೆತ್ತಾಗಿರುತ್ತದೆ, ಹಿಂದೆ ಬರುವ ಗಾಡಿಗಳ ತಡ ಬೇರೆ. ಆಮೇಲೆ ಅಧಿನಿಯಮದ 141ನೆಯ ಕಲಮು ಬರುತ್ತದೆ: ಯುಕ್ತವೂ ಪರ್ಯಾಪ್ತವೂ ಆದ ಕಾರಣವಿಲ್ಲದೆ ಸರಪಳಿ ಎಳೆದವನಿಗೆ ಒಂದು ವರ್ಷದವರೆಗೆ ಸೆರೆ, ಅಥವಾ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅತ್ತೆಯೂ ಮಗುವೂ ಪ್ಲಾಟ್‌ಫಾರಮ್ಮಿನ ಮೇಲೆ ಉಳಿದದ್ದು ಯುಕ್ತವಾದ ಕಾರಣವೋ ಅಲ್ಲವೋ ಎಂಬುದನ್ನು ನ್ಯಾಯಾಧೀಶರು ನಿರ್ಣಯಿಸಲಿ. ಆದರೆ ಹಾಗೆ ನಿರ್ಣಯಿಸುವ ಮುನ್ನ ಅವರು ಆ ನಿಲ್ದಾಣದ ಮಾಸ್ತರರನ್ನು ಕರೆಸಿ, ಆ ದಿನ ಆ ಗಾಡಿಯ ಬೋಗಿಗಳ ಕ್ರಮವನ್ನು ಎಷ್ಟು ಗಂಟೆಗೆ, ಯಾವ ಹಲಗೆಯ ಮೇಲೆ, ಯಾವ ಲಿಪಿಯಲ್ಲಿ ಬರೆದು ನಿಲ್ಲಿಸಿದ್ದಿರೆಂದು ಕೇಳತಕ್ಕದ್ದು.